ಮರದ ಶಟರ್ ಪೆಟ್ಟಿಗೆಯ 20 ಇಂಚಿನ ಕಪ್ಪು-ಬಿಳುಪು ಟಿವಿ: ವೈರಿಂಗ್, ಕಂಡೆನ್ಸರ್ ಕೆಲಸ ಎಲ್ಲಿಂದ ಶುರು ಮಾಡ್ಲಿ?

ಗಂಗಾವತಿ_ಬೆಸುಗೆ:

ಎಲ್ಲಾರಿಗೂ ನಮಸ್ಕಾರ್ರಿ. 80ರ ದಶಕದ 20 ಇಂಚಿನ ಕಪ್ಪು-ಬಿಳುಪು ಟಿವಿ ಒಂದು ಕೈಗೆ ಬಂದೈತಿ. ಎರಡೂ ಬದಿಗೆ ಸರಿಯೋ ಮರದ ಶಟರ್, ಟಕ್ ಟಕ್ ಅಂತ ತಿರುಗೋ ಚಾನೆಲ್ ನಾಬ್, ಹಿಂದ ಚಪ್ಪಟೆ ಆಂಟೆನಾ ವೈರ್ ಕಟ್ಟೋ ಎರಡು ಸ್ಕ್ರೂ. ವಾಲ್ವ್ ಒಂದೂ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್ ಮತ್ತು ಐಸಿ. ಸಿಎ3068, ಸಿಎ3065, ಸಿಎ810, ಸಿಎ920 ಅಂತ ಐಸಿ ಮ್ಯಾಲೆ ಓದಾಕ ಬರತೈತಿ. ಲೈನ್ ಔಟ್‌ಪುಟ್‌ಗೆ (ಪರದೆ ಮ್ಯಾಲೆ ಅಡ್ಡ ಗೆರಿ ಎಳಿಯೋ ಭಾಗ) ಬಿಯು205 ಟ್ರಾನ್ಸಿಸ್ಟರ್. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ, ಫ್ಯೂಸ್, 4.7 ಓಮ್ ವೈರ್‌ವೌಂಡ್ ರೆಸಿಸ್ಟೆನ್ಸ್, ಆಮ್ಯಾಲೆ ಥೈರಿಸ್ಟರ್ (ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್), ಅದರ ಬಾಜೂಕ 200+200 ಎಂಎಫ್‌ಡಿ (ಮೈಕ್ರೋಫ್ಯಾರಡ್) 350 ವೋಲ್ಟ್ ದೊಡ್ಡ ಡಬ್ಬಿ ಕಂಡೆನ್ಸರ್. ಬೋರ್ಡ್ ಮ್ಯಾಲೆ ಒಂದು ಕಡೆ 110 ವೋಲ್ಟ್ ಅಂತ ಅಚ್ಚು ಐತಿ.

ಇಪ್ಪತ್ತು ವರ್ಷದ ಮ್ಯಾಲಾತು, ಆನ್ ಮಾಡಿಲ್ಲ. ಮೇನ್ಸ್ ವೈರ್ ಬಗ್ಗಿಸಿದ್ರ ಸಿಪ್ಪಿ ಉದುರತೈತಿ. ಪಿಕ್ಚರ್ ಟ್ಯೂಬಿನ ಬೇಸ್ ಬೋರ್ಡಿಗೆ ಬರೋ ವೈರ್ ಇಲಿ ಕಡದು ಹಾಕ್ಯಾವ, ಎರಡು ಪೂರ್ತಿ ತುಂಡು. ಇಲಿ ಉಚ್ಚಿ ಬಿದ್ದ ಮೂಲ್ಯಾಗ ತಾಮ್ರ ಹಸರಾಗೇತಿ. ಟ್ಯೂಬಿನ ಮೈತುಂಬ ಕೆಂಪು ಧೂಳು.

ಸ್ಟೆಬಿಲೈಸರ್ ಮ್ಯಾಲೆ ಹಾಕಿ ಒಮ್ಮಿ ನೋಡಬಹುದಾ? ಕಂಡೆನ್ಸರ್ ಎಲ್ಲಾ ಬದಲಿ ಮಾಡಬೇಕಾ? ಯಾವ ವೈರ್ ತರಬೇಕು? ಕಡೀಕ, ಚಿತ್ರ ಎಲ್ಲಿಂದ ಕೊಡೂದು? ಸೆಟ್‌ಟಾಪ್ ಬಾಕ್ಸಿನ ಹಳದಿ ಪಿನ್ ಇದರೊಳಗ ನೇರ ಹಚ್ಚಬಹುದಾ?

ಬಳ್ಳಾರಿ_ಲೈನ್‌ಔಟ್:

ಬೇಡ್ರಿ, ಪ್ಲಗ್ ಹಾಕಬ್ಯಾಡ್ರಿ. ಒಂದು ಸಲ ಆನ್ ಮಾಡಿ ನೋಡೋಣ ಅನ್ನೋ ಆಸೆಗೇ ಈ ಸೆಟ್ಟುಗಳು ಹಾಳಾಗೋದು. ವರ್ಷಗಟ್ಟಲೆ ಕರೆಂಟ್ ಕಾಣದ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರೋ ಜಾತಿಯ) ಕಂಡೆನ್ಸರಿನೊಳಗಿನ ಆಕ್ಸೈಡ್ ಪದರ ತೆಳುವಾಗಿರುತ್ತೆ. ನೇರ 230 ಕೊಟ್ಟರೆ ಲೀಕೇಜ್ ಹೆಚ್ಚಾಗಿ ಒಳಗೇ ಕುದ್ದು ಒಡೆಯುತ್ತೆ, ಹೋಗುವಾಗ ಥೈರಿಸ್ಟರನ್ನೂ ಕರ್ಕೊಂಡು ಹೋಗುತ್ತೆ.

ದುಡ್ಡು ಖರ್ಚು ಮಾಡೋ ಮುಂಚೆ ಪಿಕ್ಚರ್ ಟ್ಯೂಬ್ ಬದುಕಿದೆಯಾ ನೋಡ್ರಿ. ಕಪ್ಪು-ಬಿಳುಪಿನ 20 ಇಂಚಿನ ಟ್ಯೂಬ್ ಈಗ ಯಾರೂ ತಯಾರು ಮಾಡಲ್ಲ, ಅದು ಸತ್ತಿದ್ದರೆ ಉಳಿದ ಕೆಲಸವೆಲ್ಲ ಅಲಂಕಾರ ಅಷ್ಟೇ. ಕತ್ತಿನ ಹತ್ತಿರ ಗಾಜಿನ ಒಳಗೆ ಕನ್ನಡಿ ತರ ಹೊಳೆಯೋ ಕಪ್ಪು-ಬೆಳ್ಳಿ ಕಲೆ ಇರುತ್ತೆ, ಗೆಟರ್ ಅಂತಾರೆ. ಅದು ಹೊಳೀತಿದ್ದರೆ ಒಳಗೆ ನಿರ್ವಾತ ಉಳಿದಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಸೇರಿದೆ, ಅಲ್ಲಿಗೆ ಮುಗೀತು. ಆಮೇಲೆ ಬೇಸ್ ತೆಗೆದು ಹೀಟರಿನ (ಕತ್ತಿನೊಳಗೆ ಕೆಂಪಗೆ ಕಾಯೋ ತಂತಿ) ಎರಡು ಪಿನ್ ನಡುವೆ ಓಮ್ ನೋಡ್ರಿ. 6.3 ವೋಲ್ಟ್, 0.3 ಆಂಪಿಯರಿನ ಹೀಟರ್ ತಣ್ಣಗಿದ್ದಾಗ 3 ಓಮ್ ಆಸುಪಾಸು ತೋರಿಸುತ್ತೆ, ಉರಿಯುವಾಗ 21ಕ್ಕೆ ಏರುತ್ತೆ. ಹೀಟರಿಗೂ ಅದು ಕಾಯಿಸೋ ಕ್ಯಾಥೋಡಿಗೂ ನಡುವೆ ಏನೂ ತೋರಿಸಬಾರದು.

ಬೇಸ್ ಮುಟ್ಟೋ ಮುಂಚೆ ಟ್ಯೂಬ್ ಡಿಸ್ಚಾರ್ಜ್ ಮಾಡ್ರಿ. ಇಪ್ಪತ್ತು ವರ್ಷ ಬಿಟ್ಟ ಟ್ಯೂಬಿನಲ್ಲಿ ಚಾರ್ಜ್ ಇರೋ ಸಂಭವ ಕಡಿಮೆ, ಆದರೂ ಅಭ್ಯಾಸ ಈಗಲೇ ಆಗಲಿ, ಮುಂದೆ ಬೇಕಾಗುತ್ತೆ. ಟ್ಯೂಬಿನ ಹೊರಮೈಗೆ ಅಂಟಿಕೊಂಡು ಹೋಗೋ ಬರಿ ತಾಮ್ರದ ಜಡೆ ವೈರಿಗೆ ಒಂದು ಕ್ಲಿಪ್ ಹಾಕಿ, ಇನ್ನೊಂದು ತುದಿಯನ್ನು ಉದ್ದ ಚಪ್ಪಟೆ ಸ್ಕ್ರೂಡ್ರೈವರಿಗೆ ಕಟ್ಟಿ, ಟ್ಯೂಬಿಗೆ ಹೈವೋಲ್ಟೇಜ್ ವೈರ್ ಸೇರೋ ಜಾಗದ ರಬ್ಬರ್ ಟೋಪಿಯ ಕೆಳಗೆ ತೂರಿಸಿ ಲೋಹಕ್ಕೆ ಮುಟ್ಟಿಸ್ರಿ. ಒಂದು ಕೈ ಜೇಬಿನಲ್ಲಿರಲಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮುಟ್ಟಿಸ್ರಿ, ಗಾಜು ಹೀರಿಟ್ಟ ಚಾರ್ಜ್ ಮೆಲ್ಲಗೆ ವಾಪಸ್ ಬರುತ್ತೆ. ಕ್ಲಿಪ್ಪನ್ನು ಟ್ಯೂನರಿನ ಡಬ್ಬಿಗೋ ಬೋರ್ಡಿನ ಯಾವುದೋ ಅರ್ತಿಗೋ (ಅರ್ತಿಂಗ್ ಜಾಗ) ಹಾಕಿದರೆ ಆ ಏಟು ಐಸಿಗಳ ಮೂಲಕ ಹೋಗುತ್ತೆ.

ಕೆಂಪು ಧೂಳಿನ ವಿಷಯ. ನಮ್ಮ ಕಡೆ ಅದಿರು ಲಾರಿ ಓಡಾಡೋ ದಾರಿ ಬದಿಯ ಮನೆಯ ಸೆಟ್ ಬಿಚ್ಚಿದರೆ ಇದೇ ಮೊದಲು ಕಾಣೋದು. ಒಣಗಿದ್ದಾಗ ಅಷ್ಟು ತೊಂದರೆ ಕೊಡಲ್ಲ. ಮಳೆಗಾಲದ ತೇವ ಹಿಡಿದರೆ 17 ಸಾವಿರ ವೋಲ್ಟಿಗೆ ಅದೇ ದಾರಿ. ರಬ್ಬರ್ ಟೋಪಿಯ ಅಂಚಿನಿಂದ ಗಾಜಿನ ಮೇಲೆ ಬೇರು ಬಿಟ್ಟಂತೆ ಸಣ್ಣ ಕಪ್ಪು ಗೆರೆಗಳು ಕವಲೊಡೆದಿದ್ದರೆ ಅಲ್ಲಿ ಹಿಂದೆ ಸೋರಿದೆ ಅಂತ ಅರ್ಥ. ಒಣ ಬಣ್ಣದ ಬ್ರಷ್ಷಿನಿಂದ ಧೂಳು ಉದುರಿಸಿ, ಟೋಪಿಯ ಸುತ್ತಲಿನ ನುಣುಪು ಗಾಜನ್ನು ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸ್ರಿ. ಅದರಾಚೆಯ ಮಂಕಾದ ಕಪ್ಪು ಲೇಪನ ಗ್ರಾಫೈಟ್. ಅದು ಕೊಳೆಯಲ್ಲ, ಇಎಚ್‌ಟಿಯನ್ನು (ಆ 17 ಸಾವಿರ ವೋಲ್ಟನ್ನು) ಸೋಸೋ ಕಂಡೆನ್ಸರಿನ ಒಂದು ಪ್ಲೇಟೇ ಅದು. ಉಜ್ಜಿ ತೆಗೆದರೆ ಕೆಟ್ಟಿರಿ. ಟ್ಯೂಬನ್ನು ಕತ್ತು ಹಿಡಿದು ಎತ್ತಬ್ಯಾಡ್ರಿ.

ಸ್ಟೆಬಿಲೈಸರ್ ಕೇಳಿದ್ರಿ. ಅದರೊಳಗಿರೋದು ಆಟೋ ಟ್ರಾನ್ಸ್‌ಫಾರ್ಮರ್, ವೇರಿಯಾಕ್ ಕೂಡ ಅದೇ. ವೋಲ್ಟೇಜ್ ಸರಿಮಾಡುತ್ತೆ, ಶಾಕಿನಿಂದ ಕಾಪಾಡಲ್ಲ. ನಿಮ್ಮ ಸೆಟ್ಟಿನ ಚಾಸಿ (ಒಳಗಿನ ಲೋಹದ ಚೌಕಟ್ಟು) ಮೇನ್ಸಿನ ಒಂದು ವೈರಿಗೇ ಕೂತಿದೆ. ಎರಡು ಪಿನ್ನಿನ ಪ್ಲಗ್ ಉಲ್ಟಾ ಹಾಕಿದರೆ ಚಾಸಿ ಪೂರ್ತಿ ಫೇಸ್. ಕೆಲಸಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 230ಕ್ಕೆ 230. ಸೆಟ್ ಎಳೆಯೋದು 50-60 ವಾಟ್ ಇದ್ದರೂ 500 ವಿಎ ತಗೊಳ್ರಿ: ಥೈರಿಸ್ಟರ್ ಅರ್ಧ ಅಲೆಯನ್ನಷ್ಟೇ ಎಳೆಯೋದರಿಂದ ಚಿಕ್ಕ ಟ್ರಾನ್ಸ್‌ಫಾರ್ಮರಿನ ಕೋರ್ ಒಂದೇ ಕಡೆಗೆ ಮ್ಯಾಗ್ನೆಟ್ ಆಗಿ ಗುಂಯ್‌ಗುಟ್ಟಿ ಬಿಸಿಯಾಗುತ್ತೆ. ಅದು ಸಿಗೋವರೆಗೆ ಓಮ್ ಮೀಟರಿನ ಕೆಲಸ ಮಾತ್ರ.

ಹಳದಿ ಪಿನ್ ನೇರ ಹಚ್ಚೋ ಯೋಚನೆಯನ್ನು ಇವತ್ತೇ ಬಿಡ್ರಿ. ಲೈವ್ ಚಾಸಿಗೆ ಸೆಟ್‌ಟಾಪ್ ಬಾಕ್ಸಿನ ಅರ್ತಿ ಕೂಡಿಸಿದರೆ ಡಿಶ್ಶಿನ ಕಂಬದವರೆಗೆ ಫೇಸ್ ಹೋಗುತ್ತೆ.

ರಾಯಚೂರು_625:

ಮ್ಯಾಲಿನವರು ಹೇಳಿದ್ದು ಖರೆ ಅದ. ನಾನು ವೈರಿಂಗ್ ಮತ್ತ ಪಾರ್ಟ್ಸ್ ಹೇಳ್ತೀನಿ.

ಮೊದಲು ಮೊಬೈಲಿನಾಗ ಫೋಟೋ ತಗೋರಿ, ಎಲ್ಲಾ ಕಡಿಂದ, ಒಂದೊಂದು ಸಾಕೆಟ್ ಹತ್ತಿರದಿಂದ. ಆಮ್ಯಾಲೆ ಒಂದು ವೈರ್ ತಗದು ಒಂದು ಹಾಕೂದು. ಎಲ್ಲಾ ಒಮ್ಮೆಲೆ ಕತ್ತರಿಸಿ ಆಮ್ಯಾಲೆ ಜೋಡಿಸ್ತೀನಿ ಅಂದ್ರ ಹಳೇ ಬಣ್ಣ ಮಾಸಿರ್ತದ, ಕಂದು ಯಾವುದು ಕೆಂಪು ಯಾವುದು ತಿಳಿಯಂಗಿಲ್ಲ. ಅಂಗಡ್ಯಾಗ 14/38 ಅಂತ ಕೇಳಿದ್ರ ಸಣ್ಣ ಸಿಗ್ನಲ್ ವೈರ್ ಕೊಡ್ತಾರ, ಬೇಸ್ ಬೋರ್ಡಿನ ಕ್ಯಾಥೋಡ್, ಗ್ರಿಡ್, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಕಂಟ್ರೋಲಿಗೆ ಅದು ಸಾಕು. ಹೀಟರ್, ಯೋಕ್ (ಟ್ಯೂಬಿನ ಕತ್ತಿನ ಸುತ್ತಲಿನ ಕಾಯಿಲ್), 110 ವೋಲ್ಟಿನ ಸಾಲಿಗೆ 23/36 ಹಾಕ್ರಿ. ಫೋಕಸ್ ಮತ್ತ ಸ್ಕ್ರೀನ್ ಗ್ರಿಡ್ಡಿಗೆ 400 ವೋಲ್ಟ್ ತನಕ ಬರ್ತದ, ಅಲ್ಲಿ ವೈರ್ ದಪ್ಪ ಮುಖ್ಯ ಅಲ್ಲ, ಸಿಪ್ಪಿ ಮುಖ್ಯ. 600 ವೋಲ್ಟ್ ರೇಟಿಂಗ್ ಇರಲಿ, ಮ್ಯಾಲೆ ಸ್ಲೀವ್ ಏರಿಸ್ರಿ. ವಾಲ್ಯೂಮ್ ಕಂಟ್ರೋಲಿಗೆ ಹೋಗೂದು ಶೀಲ್ಡ್ ವೈರ್, ಅದರ ಜಾಗಕ್ಕ ಸಾದಾ ವೈರ್ ಹಾಕಿದ್ರ ಸ್ಪೀಕರಿನಾಗ ಲೈನಿನ ಗುಂಯ್ ಕೇಳ್ತದ.

ವೀಡಿಯೋ ಔಟ್‌ಪುಟ್‌ದಿಂದ ಕ್ಯಾಥೋಡಿಗೆ ಹೋಗೂ ವೈರ್ ಮೊದಲಿದ್ದಷ್ಟೇ ಉದ್ದ ಇರಲಿ, ಉಳಿದ ವೈರಿನ ಕಟ್ಟಿನ್ಯಾಗ ಸೇರಿಸಿ ಕಟ್ಟಬ್ಯಾಡ್ರಿ. ಉದ್ದ ಆದ್ರ ಅಥವಾ ಅರ್ತಿ ಬಾಜೂಕ ಕಟ್ಟಿದ್ರ ಕೆಪ್ಯಾಸಿಟಿ ಹೆಚ್ಚಾಗಿ ಚಿತ್ರದ ಸಣ್ಣ ಗೆರಿ ಮಸುಕಾಗ್ತಾವ. ವೈರಿಂಗ್ ಚಂದ ಕಾಣಲಿ ಅಂತ ಒಂದೇ ದಾರದಾಗ ಬಿಗಿದು ಚಿತ್ರ ಕೆಡಿಸೂದು ಭಾಳ ನಡೀತದ.

ಇಎಚ್‌ಟಿ ವೈರ್ ಗಟ್ಟಿ ಆಗಿದ್ರ ಗುಜರಿ ಕಲರ್ ಟಿವಿದು ಬಿಚ್ಚಿಕೊಳ್ರಿ, ಅದು 25 ಸಾವಿರ ವೋಲ್ಟ್ ತಡೀತದ, ನಿಮಗ 17-18 ಸಾಕು. ಬೈಕಿನ ಪ್ಲಗ್ ವೈರ್ ಕೆಲವರು ಹಾಕ್ತಾರ. ಅದರಾಗ ಕಾರ್ಬನ್ ಎಳಿ ಇರೂ ಜಾತಿನೂ ಅದ, ಬೆಸುಗೆ ಹಿಡಿಯಂಗಿಲ್ಲ. ಬೆಸುಗೆ ಹಾಕಿದ ಜಾಗದಾಗ ಚೂಪು ತುದಿ ಉಳಿಸಬ್ಯಾಡ್ರಿ, ದುಂಡಗ ಮಾಡ್ರಿ. ಚೂಪಿದ್ದಲ್ಲಿಂದ ಕತ್ತಲ್ಯಾಗ ನೀಲಿ ಬೆಳಕು ಕಾಣ್ತದ, ಸುರ್ ಅಂತ ಸಪ್ಪಳ ಬರ್ತದ.

ಮೇನ್ಸ್ ವೈರ್ ಎರಡು ಕೋರಿಂದು, 0.75 ಚದರ ಎಂಎಂ. ಒಳಗ ಬರೂ ಕಡಿ ಎಳದ್ರ ಬಿಚ್ಚದಂಗ ಕ್ಲಾಂಪ್ ಹಾಕ್ರಿ. ಗಂಟು ಹೊಡದು ಬಿಡೂದು ಬ್ಯಾಡ. ಆನ್-ಆಫ್ ಸ್ವಿಚ್ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ಇರ್ತದ, ಅದರ ಪಾಯಿಂಟ್ ಸುಟ್ಟಿದ್ದರ ಕಂಟ್ರೋಲ್ ಪೂರ್ತಿ ಬದಲಿ.

ಹಸಿರಾದ ಮೂಲಿ ಹಂಗೇ ಬಿಟ್ರ ಮುಂದ ಮುಂದ ತಿಂತಾ ಹೋಗ್ತದ. ಡಿಸ್ಟಿಲ್ಡ್ ವಾಟರಿನಾಗ ಹಲ್ಲುಜ್ಜೂ ಬ್ರಷ್ ಅದ್ದಿ ತಿಕ್ಕಿ ಮೊದಲು ಉಪ್ಪು ತಗೀರಿ, ಆಮ್ಯಾಲೆ ಆಲ್ಕೋಹಾಲ್, ಆಮ್ಯಾಲೆ ಒಂದು ದಿನ ಬಿಸಲಿಗೆ. ಬರೀ ಆಲ್ಕೋಹಾಲಿನಿಂದ ಉಪ್ಪು ಹೋಗಂಗಿಲ್ಲ. ಟ್ರ್ಯಾಕ್ ತುಂಡಾಗಿದ್ದಲ್ಲಿ ಹಸಿರು ಕೆರದು, ಎರಡೂ ಕಡಿ ಗಟ್ಟಿ ಪ್ಯಾಡಿನಿಂದ ಪ್ಯಾಡಿಗೆ ವೈರ್ ಹಾಕ್ರಿ. ಟ್ರ್ಯಾಕ್ ಮ್ಯಾಲೇ ಬೆಸುಗೆ ಸುರದು ಸೇತುವೆ ಕಟ್ಟಿದ್ರ ವರ್ಷದೊಳಗ ಮತ್ತ ಬಿರುಕು.

ಕಂಡೆನ್ಸರ್: ಎಲ್ಲಾ ಬದಲಿ ಮಾಡೂದು ಬ್ಯಾಡ, ಎಲೆಕ್ಟ್ರೋಲಿಟಿಕ್ ಎಲ್ಲಾ ಬದಲಿ ಮಾಡ್ರಿ. ಒಳಗಿನ ಶಾಖ 10 ಡಿಗ್ರಿ ಏರಿದ್ರ ಎಲೆಕ್ಟ್ರೋಲಿಟಿಕ್‌ನ ಆಯುಷ್ಯ ಅರ್ಧ ಅಂತ ಲೆಕ್ಕ. ನಮ್ಮ ರಾಯಚೂರು ಬ್ಯಾಸಿಗಿ 40 ದಾಟ್ತದ, ಮುಚ್ಚಿದ ಮರದ ಪೆಟ್ಟಿಗಿ ಒಳಗ ಇನ್ನೂ ಹೆಚ್ಚು. 85 ಡಿಗ್ರಿದು ತರಬ್ಯಾಡ್ರಿ, 105 ಡಿಗ್ರಿದು ತರ್ರಿ. ಬೆಲೆ (ರೊಕ್ಕ ಅಲ್ಲ, ಎಂಎಫ್‌ಡಿ ಅಂಕಿ) ಇದ್ದಷ್ಟೇ, ವೋಲ್ಟ್ ಒಂದು ಮೆಟ್ಟಿಲು ಮ್ಯಾಲಿಂದಾದ್ರೂ ನಡೀತದ. ಡಬ್ಬಿ ಕಂಡೆನ್ಸರಿನ ಜಾಗಕ್ಕ 220 ಎಂಎಫ್‌ಡಿ 400 ವೋಲ್ಟ್ ಎರಡು. ಡಬ್ಬಿ ಮ್ಯಾಲೆ ಹಂಗೇ ನಿಲ್ಲಿಸಿ, ಅದರ ಕಾಲಿನ ಕನೆಕ್ಷನ್ ಕಿತ್ತು ಹೊಸಾವು ಬೋರ್ಡಿನ ಕೆಳಗ ಹಾಕ್ರಿ. ಶಕ್ತಿ ಹೆಚ್ಚಾಗಲಿ ಅಂತ 470 ಹಾಕಿದ್ರ ಆನ್ ಮಾಡಿದ ಗಳಿಗಿ ಕರೆಂಟ್ ನುಗ್ಗಿ ಥೈರಿಸ್ಟರ್ ಹೋಗ್ತದ.

ಹಸಿರು ಪಾಲಿಯೆಸ್ಟರ್, ಡಿಸ್ಕ್ ಸೆರಾಮಿಕ್, ಪಾರದರ್ಶಕ ಪಾಲಿಸ್ಟೈರೀನ್ ಮುಟ್ಟಬ್ಯಾಡ್ರಿ, ಅಪರೂಪಕ್ಕ ಕೆಡ್ತಾವ. ಪಾಲಿಸ್ಟೈರೀನ್ ಅಂತೂ ಕಾಯಿಸಿದ್ರ ಕರಗ್ತದ.

ಒಂದು ಬಿಟ್ಟು: ಬಿಯು205 ಕಲೆಕ್ಟರಿನಿಂದ ಅರ್ತಿಗೆ ಇರೂ ಟ್ಯೂನಿಂಗ್ ಕಂಡೆನ್ಸರ್, 1500-2000 ವೋಲ್ಟಿಂದು, ಕೆಲವು ಸಾವಿರ ಪಿಎಫ್. ಅದನ್ನ ಕಳಚಿ ಅಳತಿ ಮಾಡ್ರಿ. ಅದರ ಬೆಲೆ ಇಳದ್ರ ಫ್ಲೈಬ್ಯಾಕ್ ಪಲ್ಸ್ (ಗೆರಿ ವಾಪಸ್ ಹೋಗೂವಾಗಿನ ವೋಲ್ಟೇಜ್ ಏಟು) ಸಣ್ಣದಾಗಿ ಎತ್ತರ ಆಗ್ತದ, ಇಎಚ್‌ಟಿ ಏರ್ತದ, ಬಿಯು205 ಸಾಯ್ತದ. ಬದಲಿ ಹಾಕೂದಿದ್ರ ಪಲ್ಸ್ ತಡಿಯೂ ಪಾಲಿಪ್ರೊಪಿಲೀನ್ ಜಾತೀದೇ ಇರಲಿ, ಪಿಎಫ್ ಬೆಲೆ ಇದ್ದದ್ದೇ ಇರಲಿ. ಬಿಯು205 ಕೆಟ್ಟಿದ್ರ ಬಿಯು208ಎ ಹಾಕಬಹುದು, ಅದೇ ಟಿಒ3 ಡಬ್ಬಿ, 1500 ವೋಲ್ಟ್, 5 ಆಂಪಿಯರ್. ಮೈಕಾ ಮತ್ತ ಹೊಸ ಗ್ರೀಸ್ ಮರೀಬ್ಯಾಡ್ರಿ, ಹಳೇದು ಸುಣ್ಣದಂಗ ಒಣಗಿರ್ತದ.

ರೆಸಿಸ್ಟೆನ್ಸಿನಾಗ ಕಡಿಮಿ ಓಮಿನವು ಸರಿ ಇರ್ತಾವ, 47ಕೆ ಮ್ಯಾಲಿನ ಕಾರ್ಬನ್ ಇದ್ದಾವಲ್ಲ, ಅವು ವರ್ಷ ಹೋದಂಗ ಬೆಲೆ ಏರ್ತಾವ. ಒಂದು ಕಾಲು ಎತ್ತಿ ಅಳೀರಿ, 20 ಪರ್ಸೆಂಟ್ ದಾಟಿದ್ದು ಕಿತ್ತು ಹಾಕ್ರಿ.

ಸಾಮಾನು ಇಲ್ಲಿ ಸಿಗದಿದ್ರ ನಮಗ ಹೈದರಾಬಾದಿನ ಕೋಠಿ ಹತ್ತಿರ, ನಿಮಗೂ ಅಷ್ಟೇ. ಬೆಂಗಳೂರಿಗೆ ಹೋದವರ ಕಡಿಂದ ಎಸ್‌.ಪಿ. ರಸ್ತೆಯಿಂದ ತರಿಸಬಹುದು. ಬಿಯು205 ಹೆಸರಿನಾಗ ನಕಲಿ ಭಾಳ ಮಾರ್ತಾರ, ಡಬ್ಬಿ ಹಗುರ ಇದ್ರ ಬಿಟ್ಟು ಬರ್ರಿ.

ಇನ್ನೊಂದು ಮಾತು. ಸೆಟ್ ಸರ್ಕಾರಿ ಶಾಲಿ ಅಥವಾ ಪಂಚಾಯ್ತಿಯಿಂದ ಬಂದಿದ್ರ ಹಿಂದಿನ ಪ್ಲೇಟ್ ಓದ್ರಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಎಟಿಎಸ್-6 ಉಪಗ್ರಹದಿಂದ ಹಳ್ಳಿಗೆ ಪಾಠದ ಟಿವಿ ತೋರಿಸೂ ಸೈಟ್ ಅನ್ನೂ ಕಾರ್ಯಕ್ರಮ ನಡೀತಲ್ಲ, ಆರು ರಾಜ್ಯದ 2400 ಹಳ್ಳಿ, ಅದರಾಗ ಕರ್ನಾಟಕದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲಾ. ಆಗ ಕೊಪ್ಪಳ, ಗಂಗಾವತಿ ನಮ್ಮ ರಾಯಚೂರು ಜಿಲ್ಲೆದಾಗೇ ಇದ್ದವು. ನಿಮ್ಮದು ಐಸಿ ನೋಡಿದ್ರ ಅದರ ನಂತರದ್ದು ಅನಸ್ತದ. ಆ ಕಾಲದ ಸೆಟ್ ಯಾರಿಗಾದ್ರೂ ಸಿಕ್ಕರ ಒಂದು ವೈರ್ ಸೈತ ಬದಲಿ ಮಾಡಬ್ಯಾಡ್ರಿ.

ಸಿಂಧನೂರು_ಟೆಸ್ಟರ್:

ಡಬ್ಬಿ ಕಂಡೆನ್ಸರ್ ಬದಲಿ ಯಾಕ್ರಿ? 22ಕೆ 5 ವಾಟ್ ರೆಸಿಸ್ಟೆನ್ಸ್ ಸೀರೀಸಿನಾಗ ಹಾಕಿ ಡಿಸಿ ಮೆಲ್ಲಗ ಏರಿಸಿದ್ರ ತಾನೇ ಕೂಡ್ತದ. ರೆಸಿಸ್ಟೆನ್ಸ್ ಮ್ಯಾಲಿನ ವೋಲ್ಟೇಜ್ 22ಕ್ಕ ಇಳದ್ರ ಲೀಕೇಜ್ 1 ಮಿಲಿ ಆಂಪಿಯರ್ ಅಂತ ಲೆಕ್ಕ, ಅಲ್ಲಿಗೆ ಬಂದ್ರ ಚಲೋ ಅದ. ಹಳೇ ಸಾಮಾನು ಉಳಿಸಿದಂಗ ಆತು.

ಬಳ್ಳಾರಿ_ಲೈನ್‌ಔಟ್:

ಅದು ಪದರ ತೆಳುವಾದ ಕಂಡೆನ್ಸರಿಗೆ ಸರಿ. ಒಳಗಿನ ದ್ರವ ಒಣಗಿದ್ದರೆ ಎಷ್ಟು ಏರಿಸಿದರೂ ಕೆಪ್ಯಾಸಿಟಿ ವಾಪಸ್ ಬರಲ್ಲ, ಇಎಸ್‌ಆರ್ (ಕಂಡೆನ್ಸರಿನ ಒಳಗಿನ ರೆಸಿಸ್ಟೆನ್ಸ್) ಇಳಿಯಲ್ಲ. ಲೀಕೇಜ್ ಚೆನ್ನಾಗಿ ತೋರಿಸಿ ಕೆಲಸಕ್ಕೆ ಬಾರದ ಡಬ್ಬಿಗಳೇ ಹೆಚ್ಚು. ರೇಡಿಯೋಕ್ಕೆ ಈ ಪ್ರಯೋಗ ಮಾಡ್ರಿ. ಥೈರಿಸ್ಟರ್ ಸಪ್ಲೈ ಒಂದೊಂದು ಪಲ್ಸಿಗೂ ಕಂಡೆನ್ಸರಿಗೆ ಜೋರು ಕರೆಂಟ್ ತುಂಬುತ್ತೆ, ಹಳೇ ಡಬ್ಬಿ ಅಲ್ಲಿ ಬಹಳ ದಿನ ತಡೆಯಲ್ಲ.

ಗಂಗಾವತಿಯವರೇ, ಕಂಡೆನ್ಸರ್ ಹಾಕಿ ಮುಗಿದ ಮೇಲೆ ಹೀಗೆ ಮಾಡ್ರಿ. 110 ವೋಲ್ಟಿನ ಸಾಲು ಇಎಚ್‌ಟಿ ಟ್ರಾನ್ಸ್‌ಫಾರ್ಮರಿಗೆ ಹೋಗೋ ಜಂಪರ್ ಎತ್ತಿ ಬಿಡ್ರಿ. ಅದರ ಬದಲು ಆ ಸಾಲಿನಿಂದ ಚಾಸಿಗೆ 230 ವೋಲ್ಟ್ 100 ವಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕ್ರಿ. 110ಕ್ಕೆ ಅದು 0.3 ಆಂಪಿಯರ್ ಆಸುಪಾಸು ಎಳೆಯುತ್ತೆ, ಸೆಟ್ ಎಳೆಯೋದೂ ಹೆಚ್ಚು ಕಡಿಮೆ ಅಷ್ಟೇ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗಲ್ಲ. ಮೇನ್ಸ್ ಕಡೆ ಇನ್ನೊಂದು 100 ವಾಟ್ ಸೀರೀಸ್ ಬೋರ್ಡಿನಲ್ಲಿರಲಿ. ಸೀರೀಸ್ ಬಲ್ಬ್ ಝಗ್ಗನೆ ಉರಿದು ನಿಂತರೆ ಶಾರ್ಟ್. ಮಿಣುಕುತ್ತಾ ಏರಿಳಿದರೆ ಹೆದರಬ್ಯಾಡ್ರಿ, ಥೈರಿಸ್ಟರಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಹುಡುಕಾಡ್ತಿರುತ್ತೆ. ಆಗ ಸೀರೀಸ್ ತೆಗೆದು ನೇರ ಕೊಟ್ಟು ವೋಲ್ಟ್ ಅಳೀರಿ.

ಈ ಹಂತದಲ್ಲಿ ಸೌಂಡ್, ಹೀಟರ್ ಏನೂ ಬರದಿದ್ದರೆ ಕೆಟ್ಟಿದೆ ಅಂದ್ಕೋಬ್ಯಾಡ್ರಿ. ಇಂಥ ಸೆಟ್ಟುಗಳಲ್ಲಿ ಚಿಕ್ಕ ವೋಲ್ಟೇಜುಗಳು ಇಎಚ್‌ಟಿ ಟ್ರಾನ್ಸ್‌ಫಾರ್ಮರಿನಿಂದಲೇ ಹುಟ್ಟೋದು.

ಗಂಗಾವತಿ_ಬೆಸುಗೆ:

ಹೇಳಿದಂಗ ಮಾಡೀನ್ರಿ. ಗೆಟರ್ ಹೊಳ್ಯಾಕತ್ತೈತಿ, ಹೀಟರ್ 3.2 ಓಮ್. ಬೇಸ್ ವೈರ್, ಮೇನ್ಸ್ ವೈರ್, ಎಲೆಕ್ಟ್ರೋಲಿಟಿಕ್ ಎಲ್ಲಾ ಹೊಸಾವು. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬಾಡಿಗಿ ಸಿಕ್ಕೈತಿ. ಬಲ್ಬ್ ಲೋಡ್ ಹಾಕಿ ನೋಡಿದ್ರ 110ರ ಜಾಗದಾಗ 152 ಬರಾಕತ್ತೈತಿ. ಪ್ರಿಸೆಟ್ (ಬೋರ್ಡ್ ಮ್ಯಾಲಿನ ಸಣ್ಣ ತಿರುವು ಕಂಟ್ರೋಲ್) ತಿರುವಿದ್ರ 148ರಿಂದ 160, ಕೆಳಗ ಇಳಿವಲ್ದು. ಹಂಗೇ ಲೈನ್ ಕೂಡಿಸಲ್ಯಾ?

ರಾಯಚೂರು_625:

ಬ್ಯಾಡ್ರಿ! ಇಎಚ್‌ಟಿ ಆ ವೋಲ್ಟೇಜಿನ ಲೆಕ್ಕದಾಗೇ ಏರ್ತದ. 110ಕ್ಕ 17 ಸಾವಿರ ಇದ್ರ 152ಕ್ಕ 23 ಸಾವಿರ ದಾಟ್ತದ. ಬಿಯು205 ಮ್ಯಾಲಿನ ಪಲ್ಸ್ ಸಾವಿರದ ಹತ್ತಿರ ಇರೂದು 1400ರ ಹತ್ತಿರ ಹೋಗ್ತದ, ಅದರ ಮಿತಿ 1500. 20 ಸಾವಿರ ವೋಲ್ಟ್ ಮ್ಯಾಲೆ ಟ್ಯೂಬಿನಿಂದ ಎಕ್ಸ್‌ರೇ ವಿಚಾರನೂ ಬರ್ತದ.

ಪ್ರಿಸೆಟ್ ಕೆಲಸ ಮಾಡಾಕತ್ತದ, ಆದ್ರ ಜಾಗ ತಪ್ಪೇದ. ಅಂದ್ರ ಥೈರಿಸ್ಟರ್, ಟ್ರಿಗರ್ ಸರಿ ಅದಾವ, ಅಳತಿ ಕೊಡೂ ಕಡಿ ತಪ್ಪು. 110ರ ಸಾಲಿನಿಂದ ಪ್ರಿಸೆಟ್‌ಗೆ ಬರೂ ದೊಡ್ಡ ರೆಸಿಸ್ಟೆನ್ಸ್ ಹುಡಕ್ರಿ. ಅದರ ಬೆಲೆ ಏರಿದ್ರ ರೆಗ್ಯುಲೇಟರ್‌ಗೆ ಔಟ್‌ಪುಟ್ ಕಡಿಮಿ ಅದ ಅಂತ ಕಾಣ್ತದ, ಅದು ಇನ್ನೂ ಏರಸ್ತದ. ಅದು ಸರಿ ಇದ್ರ ಅಳತಿಗೆ ಆಧಾರ ಕೊಡೂ ಝೀನರ್ ಡಯೋಡ್ ನೋಡ್ರಿ. ಹೊಸದು ಮೆಟಲ್ ಫಿಲ್ಮ್, ಅರ್ಧ ವಾಟ್ ಮ್ಯಾಲೆ. ಪ್ರಿಸೆಟ್‌ನೂ ಕಿತ್ತು ಹೊಸದು ಹಾಕ್ರಿ: ಅದರ ತೆಳು ಹಲ್ಲು ಕಾರ್ಬನ್ ಬಿಟ್ಟು ಎದ್ದರ ಕೆಲವು ಸರ್ಕ್ಯೂಟಿನಾಗ ವೋಲ್ಟೇಜ್ ಒಮ್ಮೆಲೆ 300 ತನಕ ಹಾರ್ತದ.

ಗಂಗಾವತಿ_ಬೆಸುಗೆ:

82ಕೆ ಅಂತ ಬಣ್ಣ ಐತಿ, ಮೀಟರಿನಾಗ 118ಕೆ. ಬದಲಿ ಮಾಡಿದ ಮ್ಯಾಲೆ 110ಕ್ಕ ಕುಂತೈತಿ, ಮೇನ್ಸ್ 180ರಿಂದ 240 ಬದಲಾದ್ರೂ ಅಲ್ಲಾಡವಲ್ದು. ಲೈನ್ ಕೂಡಿಸಿದ್ರ ಹೀಟರ್ ಕೆಂಪಗಾತು, ಕೈಕೂದಲ ಎದ್ದು ನಿಂತವು. ಪರದೆ ಮ್ಯಾಲೆ ನಡುವ ಒಂದು ಅಡ್ಡ ಬಿಳಿ ಗೆರಿ ಅಷ್ಟೇ.

ಬಳ್ಳಾರಿ_ಲೈನ್‌ಔಟ್:

ಮೊದಲು ಬ್ರೈಟ್‌ನೆಸ್ ಪೂರ್ತಿ ಇಳಿಸ್ರಿ, ಗೆರೆ ಕತ್ತಲಲ್ಲಿ ಮಾತ್ರ ಕಾಣೋಷ್ಟು. ಅದೇ ಜೋರಿನಲ್ಲಿ ಬಿಟ್ಟರೆ ಫಾಸ್ಫರ್ ಸುಟ್ಟು ಆ ಗೆರೆ ಕಾಯಂ ಆಗುತ್ತೆ.

ಅಡ್ಡ ಗೆರೆ ಅಂದರೆ ಲೈನ್ ಕಡೆ ಸರಿ, ವರ್ಟಿಕಲ್ ಕಡೆ ಇಲ್ಲ. ಆಫ್ ಮಾಡಿ ಯೋಕ್ ಸಾಕೆಟ್ ಬಿಚ್ಚಿ ವರ್ಟಿಕಲ್ ಕಾಯಿಲ್ ಅಳೀರಿ, ಕೆಲವೇ ಓಮ್ ಆಗಲಿ ಹತ್ತಿಪ್ಪತ್ತು ಆಗಲಿ, ತುಂಡಾಗಿರಬಾರದು. ಯೋಕ್ ಬಿಚ್ಚಿಟ್ಟು ಸೆಟ್ ಆನ್ ಮಾಡೋ ಹಾಗಿಲ್ಲ, ನಡುವೆ ಒಂದು ಚುಕ್ಕಿ ಬಿದ್ದು ಕ್ಷಣದಲ್ಲಿ ಸುಡುತ್ತೆ. ಆಮೇಲೆ ವರ್ಟಿಕಲ್ ಸ್ಟೇಜಿಗೆ ಸಪ್ಲೈ ಕೊಡೋ ಚಿಕ್ಕ ಫ್ಯೂಸಿಬಲ್ ರೆಸಿಸ್ಟೆನ್ಸ್. ಮೂರನೇದು ಡ್ರೈ ಸೋಲ್ಡರ್: ವರ್ಟಿಕಲ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಾಲು, ಯೋಕಿಗೆ ಹೋಗೋ ದೊಡ್ಡ ಕಪ್ಲಿಂಗ್ ಕಂಡೆನ್ಸರಿನ ಕಾಲು. ಬಿಸಿಯಾಗೋ ಜಾಗದಲ್ಲಿ ಬೆಸುಗೆಯ ಸುತ್ತ ಉಂಗುರದಂಥ ಬಿರುಕು ಕಾಣುತ್ತೆ, ಭೂತಗನ್ನಡಿ ಬೇಕು. ಹಳೇ ಬೆಸುಗೆ ಪೂರ್ತಿ ಹೀರಿ ತೆಗೆದು ಹೊಸದು ಹಾಕ್ರಿ. ಮೇಲೇ ಇನ್ನಷ್ಟು ಹಚ್ಚಿದರೆ ತಿಂಗಳಲ್ಲಿ ಮತ್ತೆ ಗೆರೆ.

ಸಪ್ಲೈ ಇದ್ದು ಬೆಸುಗೆ ಸರಿ ಇದ್ದರೆ ಹೈಟ್ ಕಂಟ್ರೋಲ್ ತಿರುವಿ ನೋಡ್ರಿ, ಹಳೇ ಪ್ರಿಸೆಟ್ ಓಪನ್ ಆಗೋದು ಬಹಳ ಸಾಮಾನ್ಯ. ಚಿತ್ರ ತೆರೆದು ಕೆಳಗಡೆ ಮಾತ್ರ ಮಡಚಿಕೊಂಡರೆ ಕಪ್ಲಿಂಗ್ ಕಂಡೆನ್ಸರ್. ಹೊಸದೇ ಆಗಿದ್ದರೂ ಪ್ಲಸ್-ಮೈನಸ್ ಉಲ್ಟಾ ಹಾಕಿಲ್ಲ ತಾನೇ ನೋಡ್ಕೊಳ್ರಿ.

ಚಿತ್ರ ಎರಡೂ ಬದಿಗೆ ಕಿರಿದಾಗಿದ್ದರೆ 110 ಕಡಿಮೆ ಬರ್ತಿದೆ ಅಂತ ತಿಳೀರಿ. ಅಡ್ಡಲಾಗಿ ಒಂದು ಕಪ್ಪು ಪಟ್ಟಿ ನಿಧಾನ ತೇಲಿದರೆ ಫಿಲ್ಟರ್ ಕಂಡೆನ್ಸರ್. ಅರ್ಧ ಅಲೆಯ ಸಪ್ಲೈಗೆ ಪಟ್ಟಿ ಒಂದು, ಪೂರ್ಣ ಅಲೆಯದಕ್ಕೆ ಎರಡು.

ಹೀಟರ್ ವೋಲ್ಟೇಜನ್ನು ಸಾದಾ ಮೀಟರಿನಲ್ಲಿ ಅಳೆದು ಗಾಬರಿ ಆಗಬ್ಯಾಡ್ರಿ. ನಿಮ್ಮಲ್ಲಿ ಅದು ಇಎಚ್‌ಟಿ ಟ್ರಾನ್ಸ್‌ಫಾರ್ಮರಿನಿಂದ 15,625 ಹರ್ಟ್ಸ್ ಪಲ್ಸಾಗಿ ಬರ್ತಿದೆ, 50 ಹರ್ಟ್ಸಿಗೆ ಮಾಡಿದ ಮೀಟರ್ ಏನೇನೋ ತೋರಿಸುತ್ತೆ. ಬೆಳಕು ಕಿತ್ತಳೆ ಬಣ್ಣಕ್ಕಿದ್ದರೆ ಸಾಕು.

ಸಂಡೂರು_ಕೇಬಲ್:

ಚಿತ್ರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳು ಬಹುತೇಕ ನಿಂತು ಹೋಗಿವೆ, ಮಾಳಿಗೆ ಮೇಲಿನ ಆಂಟೆನಾದಿಂದ ಬರೀ ಚುಕ್ಕಿ ಬರುತ್ತೆ. ಫ್ರೀ ಡಿಶ್ ಬಾಕ್ಸಿನ ಹಳದಿ, ಬಿಳಿ ಪಿನ್ನನ್ನು ಆರ್‌ಎಫ್ ಮಾಡ್ಯುಲೇಟರಿಗೆ (ಚಿತ್ರ, ಸೌಂಡನ್ನು ಟಿವಿ ಚಾನೆಲ್ ಮಾಡಿ ಕೊಡೋ ಡಬ್ಬಿ) ಕೊಟ್ಟು, ಅದರ ಔಟ್‌ಪುಟ್ಟನ್ನು ಟಿವಿಯ ಆಂಟೆನಾ ಸ್ಕ್ರೂಗೆ ಕೊಡಬೇಕು. ಚಂದನ ಸಲೀಸಾಗಿ ಬರುತ್ತೆ. ಬಾಕ್ಸಿನ ಸೆಟ್ಟಿಂಗಿನಲ್ಲಿ ಪಾಲ್ ಮತ್ತು 4:3 ಇಡ್ರಿ.

ಮಾಡ್ಯುಲೇಟರ್ ತಗೊಳ್ಳುವಾಗ ಹೆಸರು ನೋಡಬ್ಯಾಡ್ರಿ, ಸೌಂಡ್ ಕ್ಯಾರಿಯರ್ ನೋಡ್ರಿ. ನಮ್ಮ ದೇಶದ ಟಿವಿ ಪದ್ಧತಿ ಪಾಲ್-ಬಿ, ಸೌಂಡ್ ಚಿತ್ರದ ಫ್ರೀಕ್ವೆನ್ಸಿಯಿಂದ 5.5 ಮೆಗಾಹರ್ಟ್ಸ್ ದೂರ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗೋ, 3 ಮತ್ತು 4 ಅಂತ ಸ್ವಿಚ್ ಇರೋ ಚಿಕ್ಕ ಡಬ್ಬಿ ಅಮೆರಿಕದ ಲೆಕ್ಕದ್ದು. ಅದರ 3ನೇ ಚಾನೆಲ್ 61.25 ಮೆಗಾಹರ್ಟ್ಸ್, ನಮ್ಮ 4ನೇದು 62.25, ಫೈನ್ ಟ್ಯೂನಿಂಗ್ ತಿರುವಿದರೆ ಚಿತ್ರ ಹಿಡಿದರೂ ಹಿಡೀಬಹುದು, ಸೌಂಡ್ 4.5ರಲ್ಲಿರೋದರಿಂದ ಬರೀ ಸುಯ್ ಅನ್ನುತ್ತೆ. ಯುಎಚ್‌ಎಫ್ ಮಾತ್ರ ಕೊಡೋದೂ ನಿಮ್ಮ ನಾಬಿಗೆ ಸಿಗಲ್ಲ, ನಿಮ್ಮದು ವಿಎಚ್‌ಎಫ್: 47ರಿಂದ 68, ಆಮೇಲೆ 174ರಿಂದ 230.

ಡಿಜಿಟಲ್ ಬಂದ ಮೇಲೆ ಕೇಬಲಿನವರು ಗುಜರಿಗೆ ಹಾಕಿದ ಅನಲಾಗ್ ಮಾಡ್ಯುಲೇಟರ್ ಹುಡುಕ್ರಿ, 5ರಿಂದ 12ರೊಳಗಿನ ಯಾವ ಚಾನೆಲಾದರೂ ನಡೆಯುತ್ತೆ. ಆದರೆ ಅದು ನೂರು ಮನೆಗೆ ಹಂಚೋಕೆ ಮಾಡಿದ್ದು, ಔಟ್‌ಪುಟ್ 100 ಡಿಬಿ ಮೈಕ್ರೋವೋಲ್ಟ್ ದಾಟಿರುತ್ತೆ. ಟಿವಿಗೆ 65-70 ಸಾಕು. ಸಿಗ್ನಲ್ ತಗ್ಗಿಸೋ 20 ಡಿಬಿಯ ಎರಡು ಅಟೆನ್ಯುಯೇಟರ್ ಸಾಲಾಗಿ ಹಾಕ್ರಿ. ಹಾಕದಿದ್ದರೆ ಚಿತ್ರ ಮೇಲ್ಗಡೆ ಬಾಗುತ್ತೆ, ಸಿಂಕ್ ಬಿಡುತ್ತೆ, ಸೌಂಡಿನಲ್ಲಿ ಗರಗರ ಸೇರುತ್ತೆ. ನೀವು ಸಿಂಕ್ ನೋಡ್ಕೊಳ್ಳೋ ಐಸಿ ಸಿಎ920 ಕೆಟ್ಟಿದೆ ಅಂತ ಅದನ್ನ ಕಿತ್ತು ಕೂಡ್ತೀರಿ. ಮಾಡ್ಯುಲೇಟರಿನ 75 ಓಮ್ ಕೇಬಲ್ಲಿಗೂ ಟಿವಿಯ 300 ಓಮ್ ಸ್ಕ್ರೂಗೂ ನಡುವೆ ಬಾಲನ್ ಅನ್ನೋ ಓಮ್ ಹೊಂದಿಸೋ ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕ್ರಿ, ಅಗ್ಗದ ಸಾಮಾನು.

ಇದೆಲ್ಲಕ್ಕಿಂತ ಮೊದಲು ಪ್ಲಗ್ ಕಿತ್ತಿಟ್ಟು ಆಂಟೆನಾ ಸ್ಕ್ರೂನಿಂದ ಚಾಸಿಗೆ ಓಮ್ ಅಳೀರಿ. ಮೆಗಾಓಮ್ ಲೆಕ್ಕದಲ್ಲಿ ತೋರಿಸಬೇಕು. ಸ್ಕ್ರೂ ಹಿಂದಿನ ಚಿಕ್ಕ ಬೋರ್ಡಿನಲ್ಲಿ ಲೈವ್ ಚಾಸಿಯನ್ನು ತಡೆಯೋ ಎರಡು ಕಂಡೆನ್ಸರ್ ಇರುತ್ತವೆ, 470 ಪಿಎಫ್ ಆಸುಪಾಸು. ಯಾರೋ ಹಳೇ ರಿಪೇರಿಯಲ್ಲಿ ಸಿಗ್ನಲ್ ಹೆಚ್ಚಾಗಲಿ ಅಂತ ಅವನ್ನ ಶಾರ್ಟ್ ಮಾಡಿರೋದು ಉಂಟು. ಬದಲಿ ಹಾಕೋದಾದರೆ ವೈ ಕ್ಲಾಸ್ ಅಂತ ಬರೆದಿರೋದೇ, ಸಾದಾ ಡಿಸ್ಕ್ ಬೇಡ.

ಚಾನೆಲ್ ನಾಬಿನ ಟರೆಟ್ಟಿನ (ನಾಬ್ ಜೊತೆ ತಿರುಗೋ ಡ್ರಮ್) ಬೆಳ್ಳಿ ಪಾಯಿಂಟ್ ಕಪ್ಪಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ಸುತ್ತು ತಿರುವಿ, ಬಟ್ಟೆಯಿಂದ ಒರೆಸ್ರಿ. ಮರಳು ಕಾಗದ ಮುಟ್ಟಿಸಬ್ಯಾಡ್ರಿ, ಬೆಳ್ಳಿ ಲೇಪ ಹೋದರೆ ಮತ್ತೆ ಬರಲ್ಲ. 38.9 ಮೆಗಾಹರ್ಟ್ಸಿನ ಐಎಫ್ (ಟ್ಯೂನರ್ ನಂತರದ ಭಾಗ) ಕಾಯಿಲುಗಳ ಮೇಣ ಒಡೀಬ್ಯಾಡ್ರಿ, ವಾಬ್ಯುಲೇಟರ್ ಅನ್ನೋ ಅಳತೆ ಯಂತ್ರ ಇಲ್ಲದೆ ಅದನ್ನ ಕೂಡಿಸೋಕೆ ಬರಲ್ಲ. ಚಿತ್ರ ಚೆನ್ನಾಗಿ ಬಂದು ಸೌಂಡ್ ಒಡೆದು ಕೇಳಿಸಿದರೆ ಸೌಂಡ್ ಐಸಿ ಸಿಎ3065ರ ಪಕ್ಕದ 5.5 ಕಾಯಿಲ್ ಒಂದನ್ನು ಮಾತ್ರ, ಪ್ಲಾಸ್ಟಿಕ್ ಕಡ್ಡಿಯಿಂದ, ಎಡಕ್ಕೂ ಬಲಕ್ಕೂ ಕಾಲು ಸುತ್ತಿನೊಳಗೆ ತಿರುವಿ ಸ್ವಚ್ಛ ಕೇಳೋ ಜಾಗದಲ್ಲಿ ಬಿಡ್ರಿ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಅದು ತೆಗೆದ ಕೂಡಲೇ ಟ್ಯೂನಿಂಗ್ ಸರಿಯುತ್ತೆ, ಫೆರೈಟ್ ಕೋರೂ ಸೀಳುತ್ತೆ.